ಸ್ಕಾಟ್ಲೆಂಡಿನಲ್ಲಿ ಎತ್ತಿ ಕುಡಿದದ್ದು

ಗೋಪನಕೊಪ್ಪ

ಸ್ಕಾಟ್ಲೆಂಡಿಗೆ ಹೋಗಿ ಬಂದೆ ಎಂದರೆ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಕುಡದ್ರೋ ಇಲ್ಲೋ ಸಾವಕಾರ್ರ?" ಕುಡಿದೆ. ಆದರೆ ಹೇಗೆ ಕುಡಿದೆ ಎಂದು ಕೇಳಿದವರು ಒಬ್ಬರೂ ಇಲ್ಲ. ಹೇಳಬೇಕಾದ ಸಂಗತಿ ಇರುವುದು ಅಲ್ಲೇ.

ನಾನು ಶಿವಾನಂದ. ಅಮರಗೋಳದಲ್ಲಿ ಒಣಮೆಣಸಿನಕಾಯಿ ವ್ಯಾಪಾರ, ಮನೆ ಗೋಪನಕೊಪ್ಪದಲ್ಲಿ. ಅಪ್ಪನ ಕಾಲದಿಂದ ನಮ್ಮದು ಮೂಗಿನ ಕಸುಬು. ರೈತ ಚೀಲ ಬಿಚ್ಚಿದರೆ ಒಂದು ಕಾಯಿ ಎತ್ತಿ, ಮುರಿದು, ಮೂಗಿಗೆ ಹಿಡಿದು, ಇದು ಈ ವರ್ಷದ್ದೋ ಹೋದ ವರ್ಷದ್ದೋ, ಬಿಸಿಲಿನಲ್ಲಿ ಒಣಗಿದ್ದೋ ಅಥವಾ ತೂಕ ಬರಲಿ ಎಂದು ನೀರು ಚಿಮುಕಿಸಿದ್ದೋ ಹೇಳಬೇಕು. ನಾನು ಹೇಳಿದರೆ ಹೇಳಿದಂತೆಯೇ ಎಂದು ನಾಲ್ಕು ಜಿಲ್ಲೆಯ ಜನ ನಂಬಿದ್ದರು.

ಆ ಮೂಗು ಈಗ ಇಲ್ಲ. ಮುಖದ ಮೇಲೆ ಇದೆ, ಬೇಕಾದ್ದಕ್ಕಿಂತ ಉದ್ದವೇ ಇದೆ, ಆದರೆ ಕೆಲಸ ಬಿಟ್ಟಿದೆ. ಮೂರು ವರ್ಷದ ಹಿಂದೆ ಒಂದು ಜ್ವರ ಬಂದು ಹೋಯಿತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಮಲ್ಲಿಗೆ ಇಲ್ಲ, ಒಗ್ಗರಣೆ ಇಲ್ಲ, ಮೊದಲ ಮಳೆಯ ಮಣ್ಣಿಲ್ಲ. ಉಳಿದದ್ದು ಘಾಟು ಒಂದೇ. ಮೆಣಸಿನಕಾಯಿ ಮುರಿದರೆ ಮೂಗು ಚುರುಗುಟ್ಟುತ್ತದೆ, ಸೀನು ಬರುತ್ತದೆ, ಅಷ್ಟೇ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ಹೀಗಾಗಿ ಆ ಸೀನೂ ಸರಿಯಾಗಿ ಬರುವುದಿಲ್ಲ. ಡಾಕ್ಟರು, "ಬಂದ್ರ ಬರತೈತಿ, ಬರದಿದ್ರ ಇಲ್ರಿ" ಎಂದು ಕೈ ತೊಳೆದುಕೊಂಡರು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೆಂಡತಿ ಶಾಂತಾಳಿಗೂ ಹೇಳಲಿಲ್ಲ. ಕಾಯಿಯ ಬಣ್ಣ ನೋಡಿ, ಅಲ್ಲಾಡಿಸಿ ಬೀಜದ ಸದ್ದು ಕೇಳಿ, ರೈತನ ಮುಖ ನೋಡಿ ದಿನ ದೂಡುತ್ತಿದ್ದೆ. ಮೂಸುವುದು ಬರೀ ನಾಟಕ. ಎರಡು ಸಲ ಹಳೆಯ ಮಾಲನ್ನು ಹೊಸದೆಂದು ಕಳಿಸಿ ಇಬ್ಬರು ಗಿರಾಕಿಗಳನ್ನು ಕಳೆದುಕೊಂಡೆ. ಮಾರ್ಕೆಟ್ ಸರಿಯಿಲ್ಲ ಎಂದು ಮನೆಯಲ್ಲಿ ಹೇಳಿದೆ.

ಹೀಗಿರುವಾಗ ಆಲನ್‌ನ ಕಾಗದ ಬಂತು. ಆಲನ್ ಸ್ಕಾಟ್ಲೆಂಡಿನವನು, ಸಣ್ಣ ಪ್ರಮಾಣದಲ್ಲಿ ಖಾರದ ಸಾಸ್ ಮಾಡುತ್ತಾನೆ, ಪ್ರತಿ ವರ್ಷ ನಮ್ಮಲ್ಲಿಂದ ಬ್ಯಾಡಗಿ ಕಾಯಿ ತರಿಸುತ್ತಾನೆ. ಹೋದ ವರ್ಷ ಹುಬ್ಬಳ್ಳಿಗೆ ಬಂದಾಗ ನಾನು ಒಂದು ಕಾಯಿ ಮುರಿದು, ಕಣ್ಣು ಮುಚ್ಚಿ ಮೂಸಿ, ನಲವತ್ತು ಚೀಲ ವಾಪಸ್ ಕಳಿಸಿದ್ದನ್ನು ಬಾಯಿ ತೆರೆದು ನೋಡಿದ್ದ. ಕಾಯಿ ಹಸಿ ಇತ್ತು, ಅಲ್ಲಾಡಿಸಿದರೆ ಸದ್ದು ಬರಲಿಲ್ಲ. ಕಣ್ಣು ಮುಚ್ಚಿದ್ದು ಶೋಭೆಗೆ. ಅವನಿಗೆ ಅದೆಲ್ಲ ಏನು ಗೊತ್ತು? ಕಾಗದದಲ್ಲಿ ಬರೆದಿದ್ದ: ಸಾಸನ್ನು ಈ ಸಲ ವಿಸ್ಕಿಯ ಹಳೆಯ ಪೀಪಾಯಿಯಲ್ಲಿ ತುಂಬಿಟ್ಟು ಹದ ಮಾಡುವವನಿದ್ದೇನೆ, ಒಂದು ಭಟ್ಟಿಮನೆಯವರು ಮೂರು ಪೀಪಾಯಿ ತೋರಿಸುತ್ತಾರೆ, ಅದರಲ್ಲಿ ಒಂದನ್ನು ನಿನ್ನ ಮೂಗು ಆರಿಸಬೇಕು, ಹೆಂಡತಿಯನ್ನೂ ಕರೆದುಕೊಂಡು ಬಾ.

ಬರುವುದಿಲ್ಲ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಬರುತ್ತೇನೆ ಎಂದರೆ ಸಮುದ್ರದಾಚೆ ಹೋಗಿ ಮಾನ ಕಳೆದುಕೊಳ್ಳಬೇಕು. ನಾನು ಮೀನಮೇಷ ಎಣಿಸುತ್ತ ಕುಳಿತಿದ್ದಾಗ ಶಾಂತಾ, "ಹೂಂ ಅಂತ ಬರೀರಿ. ನಾನೂ ವಿಮಾನ ಒಳಗ ಹೆಂಗಿರತೈತಿ ನೋಡತೇನಿ" ಎಂದಳು. ಬರೆದೆ.

ಎಡಿನ್‌ಬರೊ

ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡು ಡಬ್ಬಿ ಪೇಡೆ. ವಿಮಾನ ನಿಲ್ದಾಣದ ಅಧಿಕಾರಿ ರೊಟ್ಟಿಯೊಂದನ್ನು ಎತ್ತಿ ಬೆರಳಿನಿಂದ ಬಡಿದು ನೋಡಿದ. ಟಕ್ ಟಕ್ ಎಂದಿತು. "ತಿನ್ನುವುದೇ?" ಎಂದು ಕೇಳಿದ. ಹೌದು ಎಂದೆ. ಪಾಪ ಎನ್ನುವಂತೆ ನೋಡಿ ಬಿಟ್ಟ.

ಇಲ್ಲಿ ಒಂದು ಮಾತು. ಸ್ಕಾಟ್ಲೆಂಡಿನವರ ಇಂಗ್ಲಿಷು ನನಗೆ ಅರ್ಧ ತಿಳಿಯಿತು, ಉಳಿದ ಅರ್ಧವನ್ನು ಅವರ ಕೈ, ಕಣ್ಣು ನೋಡಿ ತುಂಬಿಕೊಂಡೆ. ಶಾಂತಾ ಎಲ್ಲರೊಡನೆ ಕನ್ನಡದಲ್ಲೇ ಮಾತಾಡಿದಳು. ಅವಳ ಕೆಲಸ ನನ್ನದಕ್ಕಿಂತ ಲಗೂ ಆಯಿತು.

ಜನ ಛಲೋ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಶಾಂತಾ ಎರಡನೆಯ ದಿನವೇ ಕಲಿತು, "ಬರ್ತೇವ್ರಿ ಅಣ್ಣಾರ" ಎಂದು ಹೇಳಿ ಇಳಿಯತೊಡಗಿದಳು. ಹುಬ್ಬಳ್ಳಿಯಲ್ಲಿ ಹಾಗೆ ಹೇಳುತ್ತ ನಿಂತರೆ ಹಿಂದಿನವನು ನಮ್ಮ ಹೆಗಲ ಮೇಲಿಂದ ಇಳಿದು ಹೋಗುತ್ತಾನೆ. ಆದರೆ ಉಂಡಿರಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಎಲ್ಲ ಮಾತೂ ಹವೆಯ ಮೇಲೆ. ತುಂತುರು ಬಂದರೂ ಹವೆ ಚೆನ್ನಾಗಿದೆ ಎನ್ನುತ್ತಾರೆ, ಬಿಸಿಲು ಬಂದರೆ ಅಂಗಿ ಬಿಚ್ಚಿ ಹುಲ್ಲಿನ ಮೇಲೆ ಮಲಗುತ್ತಾರೆ. ಆ ಬಿಸಿಲಿನಲ್ಲಿ ನಮ್ಮ ಒಂದು ಚೀಲ ಮೆಣಸಿನಕಾಯಿ ಒಣಗಬೇಕಾದರೆ ದೀಪಾವಳಿಯಿಂದ ದೀಪಾವಳಿ ಬೇಕು.

ಆಲನ್ ನಮ್ಮನ್ನು ಗುಡ್ಡದ ಮೇಲೆ ಕರೆದೊಯ್ದು ಊರು ತೋರಿಸಿದ. ನಿಂತಲ್ಲಿಯೇ ಎದೆ ತುಂಬ ಗಾಳಿ ಎಳೆದು ನನ್ನ ಕಡೆ ತಿರುಗಿದ. ಈ ಊರಿನಲ್ಲಿ ಬಿಯರಿಗೆ ಬಾರ್ಲಿ ಬೇಯಿಸುವ ವಾಸನೆ ಗಾಳಿಯಲ್ಲೇ ಇರುತ್ತದೆ, ಬರುತ್ತಿದೆಯಾ ಎಂದು ಕೇಳಿದ.

ನಾನೂ ಎದೆ ತುಂಬ ಎಳೆದೆ. ಕಣ್ಣು ಮುಚ್ಚಿದೆ. "ಆಹಾ, ಭಾಳ ಛಲೋ ಐತಿ" ಎಂದೆ.

"ಎಲ್ಲಿ ಐತ್ರಿ?" ಎಂದಳು ಶಾಂತಾ. "ನನಗೇನೂ ಬರವಲ್ದು."

ಆಲನ್ ಗಾಳಿಗೆ ಬೆರಳೆತ್ತಿ ಹಿಡಿದು ನೋಡಿದ. ಇವತ್ತು ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿದೆ, ವಾಸನೆ ಬರುವುದು ಸಾಧ್ಯವಿಲ್ಲ, ಅಂಥದ್ದರಲ್ಲೂ ನಿನಗೆ ಸಿಕ್ಕಿತಲ್ಲ ಎಂದು ನನ್ನ ಬೆನ್ನು ತಟ್ಟಿದ. ಶಾಂತಾ ಬೆನ್ನು ತಟ್ಟಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಊರು ನೋಡುತ್ತ ನಿಂತಳು.

ಮರುದಿನ ಬೆಳಿಗ್ಗೆ ಇನ್ನೊಂದು ಫಜೀತಿ. ನಾವು ಇಳಿದುಕೊಂಡ ಮನೆಯಲ್ಲಿ ಅಡಿಗೆ ಮಾಡಿಕೊಳ್ಳಲು ಅನುಮತಿ ಇತ್ತು. ಶಾಂತಾ ಒಗ್ಗರಣೆಗೆ ಎಣ್ಣೆ ಇಟ್ಟು, ಸಾಸಿವೆ, ಬೆಳ್ಳುಳ್ಳಿ ಹಾಕಿ, "ನೋಡಕೋತ ಇರ್ರಿ" ಎಂದು ಹೇಳಿ ಒಳಗೆ ಹೋದಳು. ನಾನು ಒಲೆಗೆ ಬೆನ್ನು ಹಾಕಿ ಕಿಟಕಿಯಿಂದ ಎದುರು ಮನೆಯ ನಾಯಿ ನೋಡುತ್ತಿದ್ದೆ. ಬೆಳ್ಳುಳ್ಳಿ ಕರಕಲಾಗಿ ಹೊಗೆ ಸೂರು ಮುಟ್ಟಿ ಸೈರನ್ನು ಹೊಡೆದುಕೊಂಡಿತು. ಇಡೀ ಕಟ್ಟಡದ ಜನ ರಾತ್ರಿಯ ಉಡುಪಿನಲ್ಲೇ ಬೀದಿಗಿಳಿದರು. ಯಾರೂ ಬೈಯಲಿಲ್ಲ. ಎಲ್ಲರೂ ಸಾಲಾಗಿ ನಿಂತು ಹವೆ ಚೆನ್ನಾಗಿದೆ ಎಂದು ಮಾತಾಡಿಕೊಂಡರು. ನಾನು ಪ್ರತಿಯೊಬ್ಬರಿಗೂ ಒಂದೊಂದು ಪೇಡೆ ಕೊಟ್ಟು ಕ್ಷಮೆ ಕೇಳಿದೆ.

ಸ್ಪೇ ಕಣಿವೆ

ಉತ್ತರಕ್ಕೆ ಹೊರಟೆವು. ಆಲನ್‌ನ ಕಾರು, ದಾರಿಯುದ್ದಕ್ಕೂ ಕುರಿ. ನಮ್ಮ ಕಡೆ ಕುರಿ ಎಂದರೆ ಹಿಂದೊಬ್ಬ ಕುರುಬ, ಅವನ ಹಿಂದೊಂದು ನಾಯಿ. ಇಲ್ಲಿ ಕುರಿ ತಾನೇ ತಾನಾಗಿ ಗುಡ್ಡದ ತುಂಬ ಮೇಯುತ್ತದೆ, ಕೇಳುವವರಿಲ್ಲ. ಸ್ಪೇ ಎಂಬ ನದಿಯ ದಂಡೆಯಲ್ಲಿ ಬಾರ್ಲಿ ಹೊಲ, ಹೊಲದ ನಡುನಡುವೆ ವಿಸ್ಕಿಯ ಭಟ್ಟಿಮನೆಗಳು. ನವಲಗುಂದದ ರಸ್ತೆಯಲ್ಲಿ ಹತ್ತಿ ಜಿನ್ನಿಂಗ್ ಮಿಲ್ ಕಂಡಂತೆ ಒಂದು ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು ಬರುತ್ತದೆ.

ನಾವು ಹೋದ ಭಟ್ಟಿಮನೆಯ ಉಗ್ರಾಣ ನೋಡಿಕೊಳ್ಳುವವಳು ಮೋರಗ್ ಎಂಬ ಹೆಂಗಸು. ಅರವತ್ತು ದಾಟಿರಬೇಕು, ಕತ್ತರಿಸಿದ ಬಿಳಿ ಕೂದಲು, ಗಂಡಸರ ಬೂಟು. ಕೈ ಹಿಡಿದು ಕುಲುಕಿದಾಗ ನನ್ನ ಬೆರಳು ಒಂದು ಕ್ಷಣ ನನ್ನ ವಶದಲ್ಲಿ ಇರಲಿಲ್ಲ. ಅವಳು ಹೇಳಿದ್ದಿಷ್ಟು. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಬಿಸಿನೀರಿನಲ್ಲಿ ಕಲಸಿ ಹುಳಿ ಬರಿಸಿ ತಾಮ್ರದ ಭಟ್ಟಿಯಲ್ಲಿ ಇಳಿಸುತ್ತಾರೆ. ಇಳಿದದ್ದು ನೀರಿನಷ್ಟು ಬೆಳ್ಳಗೆ. ಬಣ್ಣ, ರುಚಿ, ವಾಸನೆಯ ಬಹುಭಾಗ ಬರುವುದು ಆಮೇಲೆ, ಪೀಪಾಯಿಯಿಂದ. ಇವರ ಪೀಪಾಯಿಗಳು ಸ್ಪೇನಿನವು, ಮೊದಲು ಅದರಲ್ಲಿ ಶೆರ್ರಿ ಎಂಬ ದ್ರಾಕ್ಷಿ ಮದ್ಯ ಇರುತ್ತದಂತೆ. ಅದು ಖಾಲಿಯಾದ ಮೇಲೆ ವಿಸ್ಕಿ ತುಂಬಿ ಹತ್ತು ಹದಿನೈದು ವರ್ಷ ಮುಟ್ಟದೆ ಇಡುತ್ತಾರೆ. ಮರದಲ್ಲಿ ಇಂಗಿದ ದ್ರಾಕ್ಷಿ ನಿಧಾನಕ್ಕೆ ವಿಸ್ಕಿಗೆ ಇಳಿಯುತ್ತದೆ.

"ಉಪ್ಪಿನಕಾಯಿ ಭರಣಿ ಇದ್ದಂಗ" ಎಂದಳು ಶಾಂತಾ. "ಹಳೇ ಭರಣ್ಯಾಗ ಹೊಸಾ ಮಾವಿನಕಾಯಿ ಹಾಕಿದ್ರ ಅದರ ರುಚಿನ ಬ್ಯಾರೆ." ನಾನು ಮೋರಗ್‌ಗೆ ಹೇಳಿದೆ. ಅವಳು ಮೊದಲ ಸಲ ಶಾಂತಾಳನ್ನು ಸರಿಯಾಗಿ ನೋಡಿದಳು.

ಹುಳಿ ಬರಿಸುವ ಮರದ ತೊಟ್ಟಿ ಮನುಷ್ಯನಿಗಿಂತ ಎತ್ತರ. ಮುಚ್ಚಳ ಸರಿಸಿ ಬಗ್ಗಿ ನೋಡಿ ಎಂದರು. ಬಗ್ಗಿದೆ. ಒಳಗಿನ ಗಾಳಿ ಮೂಗಿನ ಬುಡಕ್ಕೆ ಗುದ್ದಿದಂತಾಗಿ ನಾಲ್ಕು ಹೆಜ್ಜೆ ಹಿಂದೆ ಬಂದೆ. ನನಗೆ ಆನಂದವೋ ಆನಂದ, ಮೂಗಿಗೆ ಏನೋ ಗೊತ್ತಾಯಿತಲ್ಲ! ಬದುಕಿತು ಎಂದುಕೊಂಡು ಮತ್ತೆ ಬಗ್ಗಿದೆ. ಮತ್ತೆ ಅದೇ ಗುದ್ದು, ವಾಸನೆ ಮಾತ್ರ ಸೊನ್ನೆ. ಶಾಂತಾ ಬಗ್ಗಿ, "ಇಡ್ಲಿ ಹಿಟ್ಟು ಉಬ್ಬಿದ ವಾಸನಿ, ಮ್ಯಾಲೊಂದೀಟು ಬಾಳೆಹಣ್ಣು" ಎಂದಳು.

ಪೀಪಾಯಿಗಳ ಉಗ್ರಾಣ

ಉಗ್ರಾಣ ತಣ್ಣಗೆ, ಮಂದ ಬೆಳಕು, ಮಣ್ಣಿನ ನೆಲ. ಸಾಲು ಸಾಲು ಪೀಪಾಯಿ. ಮೋರಗ್ ಮೊದಲು ಸ್ವಾಗತದ ಪದ್ಧತಿ ಮುಗಿಸೋಣ ಎಂದು ಎರಡು ಕಿವಿಯ ಬೆಳ್ಳಿ ಬಟ್ಟಲು ತಂದಳು. ಅದಕ್ಕೆ ಕ್ವೇಕ್ ಎನ್ನುತ್ತಾರೆ. ಒಂದೇ ಬಟ್ಟಲು, ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಅದರಲ್ಲೇ ಕುಡಿಯಬೇಕು. ಒಂದೇ ಬಟ್ಟಲಲ್ಲಿ ಕುಡಿದವರ ನಡುವೆ ಅಪನಂಬಿಕೆ ಇರಬಾರದು ಎಂದು ಅದರ ಅರ್ಥ. ಪೀಪಾಯಿಯಿಂದ ನೇರ ತೆಗೆದ ವಿಸ್ಕಿ, ಒಂದು ಹನಿ ನೀರೂ ಬೆರೆಸಿರಲಿಲ್ಲ. ಬಣ್ಣ ಕಾಸಿದ ಬೆಲ್ಲದ ಪಾಕ. ನೂರರಲ್ಲಿ ಅರವತ್ತು ಭಾಗ ಮದ್ಯವೇ ಎಂದಳು.

ಮೊದಲು ಶಾಂತಾಳಿಗೆ ಹಿಡಿದರು. ಅವಳು ಕೊರಳಿನ ಲಿಂಗದ ಕರಡಿಗೆ ತೋರಿಸಿ ಕೈ ಮುಗಿದಳು. ಮೋರಗ್ ಏನು ತಿಳಿದುಕೊಂಡಳೋ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಬಟ್ಟಲನ್ನು ಆಲನ್‌ಗೆ ಕೊಟ್ಟಳು. ಅವನು ಗಾಡಿ ನಡೆಸಬೇಕಿತ್ತು, ತುಟಿಗೆ ಮುಟ್ಟಿಸಿದಂತೆ ಮಾಡಿ ನನಗೆ ದಾಟಿಸಿದ.

ಈಗ ನನ್ನ ಪಾಳಿ. ವಿಸ್ಕಿ ನಾನು ಮುಟ್ಟಿಯೇ ಇಲ್ಲ ಎಂದರೆ ಸುಳ್ಳಾದೀತು, ವ್ಯಾಪಾರಿಗಳ ಊಟದಲ್ಲಿ ಒಂದೆರಡು ಸಲ ಸೋಡಾದೊಳಗೆ ಮುಳುಗಿಸಿ ಕುಡಿದದ್ದಿದೆ. ಅಡ್ಡಿ ಅದಲ್ಲ, ಎಂಜಲು. ಆಲನ್‌ನ ತುಟಿ ಹತ್ತಿದ ಅಂಚು ನನ್ನ ಕಣ್ಣೆದುರಿಗೇ ಮಿರುಗುತ್ತಿತ್ತು. ಬೇಡ ಎನ್ನುವಂತಿಲ್ಲ, ಅವರ ಪದ್ಧತಿ. ಬಾಯಿ ಹಚ್ಚುವಂತಿಲ್ಲ, ನಮ್ಮವ್ವನ ಪದ್ಧತಿ. ಐವತ್ತಾರು ವರ್ಷ ತಂಬಿಗೆ ಎತ್ತಿ ನೀರು ಕುಡಿದ ಕೈ ನನ್ನನ್ನು ಕೇಳಲಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿ, ಬಟ್ಟಲನ್ನು ಬಾಯಿಯಿಂದ ಗೇಣೆತ್ತರ ಹಿಡಿದು ಸುರಿದುಕೊಂಡೆ.

ನಮ್ಮ ತಂಬಿಗೆಗೆ ಕಂಠವಿದೆ, ನೀರು ದಾರದಂತೆ ಇಳಿಯುತ್ತದೆ. ಆ ಬಟ್ಟಲಿಗೆ ಕಂಠವೂ ಇಲ್ಲ, ಮೂತಿಯೂ ಇಲ್ಲ, ನಾಲ್ಕು ಮಂದಿಗೆಂದು ಹಾಕಿದ್ದು ಒಮ್ಮೆಲೇ ಬಂತು. ಎತ್ತಿ ಕುಡಿಯುವವನು ನಡುವೆ ಬಾಯಿ ಮುಚ್ಚುವುದಿಲ್ಲ, ಗುಟುಕು ಎಣಿಸುವುದಿಲ್ಲ, ಗಂಟಲು ತೆರೆದಿಟ್ಟು ಇಳಿಸುತ್ತಾನೆ. ಇಳಿಸಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗಂಟಲಿನಿಂದ ಹೊಟ್ಟೆಯವರೆಗೆ ಯಾರೋ ಕೆಂಡದ ಗೆರೆ ಎಳೆದರು. ಕಣ್ಣಲ್ಲಿ ನೀರು, ಕಿವಿಯಲ್ಲಿ ಗುಂಯ್ ಎಂಬ ಸದ್ದು, ಉಸಿರು ಒಳಗೂ ಇಲ್ಲ ಹೊರಗೂ ಇಲ್ಲ. ಅಂಗಿಯ ಮೇಲೂ ಅಷ್ಟಿಷ್ಟು ಚೆಲ್ಲಿತ್ತು. ಶಾಂತಾ, "ಶಿವಶಿವಾ, ಕೂಡ್ರಿ, ಕೂಡ್ರಿ" ಎಂದು ಒಂದು ಪೀಪಾಯಿಯ ಮೇಲೆ ನನ್ನನ್ನು ಕೂಡಿಸಿ ಬೆನ್ನು ಉಜ್ಜಿದಳು.

ಮೋರಗ್ ಖಾಲಿ ಬಟ್ಟಲನ್ನು ತಿರುಗಿಸಿ ನೋಡಿದಳು. ಈ ಉಗ್ರಾಣದಲ್ಲಿ ಇಷ್ಟು ವರ್ಷದಲ್ಲಿ ಇದನ್ನು ನೋಡಿಲ್ಲ ಎಂದಳು. ಆಮೇಲೆ ಚಪ್ಪಾಳೆ ತಟ್ಟಿದಳು, ಆಲನ್ನೂ ತಟ್ಟಿದ. ಅವರು ಅದನ್ನು ಭಾರತದ ಶೌರ್ಯ ಎಂದುಕೊಂಡರು.

ಚಪ್ಪಾಳೆ ನಿಂತ ಕೂಡಲೇ ಮೂರು ಗ್ಲಾಸು ಬಂದವು. ಮೂರು ಪೀಪಾಯಿಯಿಂದ ಒಂದೊಂದು, ಆರಿಸಿದ್ದರ ವಿಸ್ಕಿ ಖಾಲಿಯಾದ ಮೇಲೆ ಪೀಪಾಯಿ ಆಲನ್‌ಗೆ. ಆಲನ್ ಕೈ ಕಟ್ಟಿಕೊಂಡು ನನ್ನೆದುರು ನಿಂತ, ಗುಡಿಯಲ್ಲಿ ಪ್ರಸಾದಕ್ಕೆ ನಿಂತವನ ಮುಖ ಅವನದು. ಒಂದನೆಯದನ್ನು ಮೂಸಿದೆ, ಬೆಂಕಿ. ಎರಡನೆಯದು, ಬೆಂಕಿ. ಮೂರನೆಯದೂ ಅದೇ.

ಆಗ ಹೊಳೆಯಿತು, ದೇವರೇ ನೆಪ ಕಳಿಸಿದ್ದಾನೆ. "ಬಟ್ಟಲು ನನ್ನ ಮೂಗು ಕೆಡಿಸಿತು. ಇವತ್ತು ಆಗುವುದಿಲ್ಲ" ಎಂದೆ. ಎಲ್ಲರೂ ಒಪ್ಪಿದರು. ನಾಳೆ ಬೆಳಿಗ್ಗೆ ಹೊಸ ಮೂಗು ತೆಗೆದುಕೊಂಡು ಬನ್ನಿ ಎಂದಳು ಮೋರಗ್.

ಲಾಡ್ಜಿನ ಹಿತ್ತಲು

ಜೂನ್ ತಿಂಗಳಲ್ಲಿ ಅಲ್ಲಿ ಊಟ ಮುಗಿದ ಮೇಲೂ ಬಿಸಿಲು ಇರುತ್ತದೆ. ಲಾಡ್ಜಿನ ಹಿಂದೆ ಒಂದು ಬೆಂಚು, ಎದುರಿಗೆ ನದಿ. ಶಾಂತಾ ರೊಟ್ಟಿ ಮುರಿದು ಚಟ್ನಿ ಹಚ್ಚಿ ಕೊಟ್ಟಳು. ನಾನು ಒಂದು ತುತ್ತು ಬಾಯಿಗಿಟ್ಟು ಅಭ್ಯಾಸದಂತೆ, "ಏನ್ ಘಮ ಐತಿ ಚಟ್ನಿ" ಎಂದೆ.

"ಸಾಕ್ ಮಾಡ್ರಿ" ಎಂದಳು.

ಏನಾಯಿತು ಎಂದು ನೋಡಿದೆ. ಅವಳು ನದಿಯ ಕಡೆಯೇ ನೋಡುತ್ತಿದ್ದಳು.

"ನಾಳೆ ಏನ್ ಹೇಳಾವರದೀರಿ? ನೆಗಡಿ ಆಗೇತಿ ಅಂತೀರೇನು?"

"ಯಾಕ ಹಂಗ ಕೇಳಾಕತ್ತಿ?"

"ಜ್ವರಾ ಬಿಟ್ಟ ಮುಂದಿನ ವಾರನ ನನಗ ಗೊತ್ತಾಗೇತಿ. ಸಾರಿಗೆ ಇಂಗು ಹಾಕೂದು ಬಿಟ್ಟೆ. ಎಂಟು ದಿನ ಉಂಡ್ರಿ. ಒಂದ ದಿನಾನೂ ಕೇಳಲಿಲ್ಲ. ಮ್ಯಾಲೆ ಘಮಘಮ ಅಂತೈತಿ ಅಂದ್ರಿ."

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಮೂರು ವರ್ಷ ಎಂದೆ. ಮೂರು ವರ್ಷ ಗೊತ್ತಿದ್ದೂ ಸುಮ್ಮನಿದ್ದೆಯಾ?

"ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ಹಾದಿ ಕಾದೆ. ಮೂಗು ಹೋದದ್ದಕ್ಕ ನನಗೇನೂ ಇಲ್ರಿ. ನಿಮ್ಮಪ್ಪಗ ಕಿವಿ ಹೋಗಿತ್ತು, ನಮ್ಮವ್ವಗ ಕಣ್ಣು ಹೋದ್ವು. ವಯಸ್ಸಾದ ಮ್ಯಾಲೆ ಒಂದೊಂದ ಹೊಕ್ಕಾವು. ಆದ್ರ ನಾ ಒಲಿ ಮುಂದ ನಿಂತು ಮಾಡಿದ್ದಕ್ಕ ಮೂರು ವರ್ಷ ದಿನಾ ಎರಡ ಹೊತ್ತು ಸುಳ್ಳ ಹೇಳೀರಿ. ಖರೇ ಹೇಳ್ರಿ, ನನಗ ಆ ಸುಳ್ಳು ಬೇಕಾಗಿತ್ತೇನು?"

ನನಗೆ ನಾಚಿಕೆಯಾಯಿತು. ಮಾರ್ಕೆಟ್ಟಿನಲ್ಲಿ ಸಿಕ್ಕಿಬಿದ್ದಿದ್ದರೂ ಅಷ್ಟು ಆಗುತ್ತಿರಲಿಲ್ಲ. ಅವಳ ಮನಸ್ಸು ನೋಯಬಾರದು ಎಂದೇ ಹಾಗೆ ಹೇಳುತ್ತ ಬಂದೆ ಎಂದುಕೊಂಡಿದ್ದೆ. ಹಾಗಲ್ಲ, ನನ್ನನ್ನು ಮುಚ್ಚಿಕೊಳ್ಳಲು ಅವಳ ಅಡಿಗೆಯನ್ನು ಬಳಸಿಕೊಂಡಿದ್ದೆ.

"ಹೆದರಿದ್ದೆ ಶಾಂತಾ. ಮೂಗಿಲ್ಲ ಅಂದ್ರ ಅಮರಗೋಳದಾಗ ನಾ ಯಾರು? ಚೀಲಾ ಎಣಿಸಾವ."

"ಚೀಲಾ ಎಣಿಸ್ರಿ. ಅದಕ್ಕೂ ಒಬ್ಬರು ಬೇಕಲ್ಲ?" ಎಂದಳು. ಇನ್ನೊಂದು ರೊಟ್ಟಿ ಮುರಿಯುತ್ತ, "ಗುಡ್ಡದ ಮ್ಯಾಲೆ ಇಲ್ಲದ ವಾಸನಿ ಮೂಸಿದ್ರಿ ನೋಡ್ರಿ, ನಗು ತಡ್ಕೊಳ್ಳಾಕ ಆಗದ ಸೆರಗ ಬಾಯಾಗ ಇಟ್ಕೊಂಡಿದ್ದೆ" ಎಂದು ನಕ್ಕಳು.

"ಹಂಗಾರ ಇಲ್ಲೀತನಕ ಹೋಗೂಣ ಅಂದದ್ದು ಯಾಕ?"

"ಊರಾಗಂತೂ ಬಾಯಿ ಬಿಡಲಿಲ್ಲ. ಪರದೇಶದಾಗರೆ ಬಿಡ್ತೀರೇನೋ ಅಂತ."

ಮತ್ತೆ ಉಗ್ರಾಣ

ಬೆಳಿಗ್ಗೆ ಅದೇ ಮೂರು ಗ್ಲಾಸು. ಆಲನ್ ಬರೆದುಕೊಳ್ಳಲು ಪುಸ್ತಕ ತಂದಿದ್ದ. ನಾನು ಗ್ಲಾಸು ಮುಟ್ಟಲಿಲ್ಲ. ನನಗೆ ಮೂರು ವರ್ಷದಿಂದ ವಾಸನೆ ಬರುವುದಿಲ್ಲ ಎಂದು ಹೇಳಿದೆ. ಇಂಗ್ಲಿಷಿನಲ್ಲಿ ಅದು ಆರೇ ಶಬ್ದದಲ್ಲಿ ಮುಗಿಯಿತು.

ಆಲನ್ ಪುಸ್ತಕ ಮುಚ್ಚಿದ. ಹಾಗಾದರೆ ಆ ನಲವತ್ತು ಚೀಲ ಎಂದ. ಅಲ್ಲಾಡಿಸಿ ನೋಡಿದ್ದೆ, ಮೂಸಿದ್ದು ನಿನಗೆ ತೋರಿಸಲು ಎಂದೆ. ಅವನ ಮುಖ ಇಳಿಯಿತು. ನನ್ನ ಮೂಗಿನ ಕತೆಯನ್ನು ಅವನು ತನ್ನ ಊರಿನವರಿಗೆಲ್ಲ ಹೇಳಿದ್ದನಂತೆ. ಆ ಇಳಿದ ಮುಖ ನೋಡುವುದು ಹಿಂದಿನ ದಿನದ ಬಟ್ಟಲಿಗಿಂತ ಕಷ್ಟವಾಗಿತ್ತು. ನನಗೆ ಹೇಳಬಹುದಿತ್ತಲ್ಲ ಎಂದ. ಹೌದು ಎಂದೆ.

ಮೋರಗ್ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಗ್ಲಾಸು ತುಂಬಿದೆ, ಮೂಸುವವರು ಯಾರು ಎಂದಳು.

"ನಾ ಮೂಸತೇನಿ" ಎಂದಳು ಶಾಂತಾ. "ಕುಡ್ಯಾಂಗಿಲ್ಲ ಮತ್ತ, ಹೇಳ್ರಿ ಅಕಿಗೆ."

ಮುಂದಿನ ಕಾಲು ಗಂಟೆ ನಾನು ಬರೀ ದುಭಾಷಿ. ಶಾಂತಾ ಗ್ಲಾಸನ್ನು ಮೂಗಿಗೆ ಒತ್ತಲಿಲ್ಲ. ಕಾದ ಬೆಣ್ಣೆ ತುಪ್ಪ ಆಯಿತೋ ಇಲ್ಲವೋ ನೋಡುವಾಗ ಮಾಡುವಂತೆ ದೂರದಿಂದ ಕೈಯಾಡಿಸಿ ಗಾಳಿ ಕರೆದುಕೊಂಡಳು. ಮೋರಗ್‌ಳ ಹುಬ್ಬು ಮೇಲೇರಿತು. ಒಂದನೆಯ ಗ್ಲಾಸು: ನೆನೆಸಿದ ಉತ್ತತ್ತಿ, ಒಳಗೆ ಹಳೆಯ ಸಾಗವಾನಿ ಕಪಾಟು ತೆರೆದ ವಾಸನೆ, ಹಿಂದೆ ಸ್ವಲ್ಪ ಲವಂಗ. ಎರಡನೆಯದು: ಮದುವೆ ಮನೆಯ ಅಡಿಗೆ ಕೋಣೆ, ತುಪ್ಪದಲ್ಲಿ ಉಬ್ಬಿದ ಒಣದ್ರಾಕ್ಷಿ, ಬೆಲ್ಲದ ಪಾಕ. ಮೂರನೆಯದನ್ನು ಮೂಸಿ ಮುಖ ಕಿವುಚಿದಳು.

"ಕಡ್ಡಿ ಗೀರಿದ ವಾಸನಿ. ದೀಪಾವಳಿ ಮರುದಿನ ಅಂಗಳ ಕಸಾ ಹೊಡೀಬೇಕಾದ್ರ ಹಿಂಗ ಬರತೈತಿ."

ಅನುವಾದ ಮುಗಿಯುವ ಮೊದಲೇ ಮೋರಗ್ ತೊಡೆ ತಟ್ಟಿ ನಕ್ಕಳು. ಪೀಪಾಯಿ ಕೆಡದಿರಲಿ ಎಂದು ಒಳಗೆ ಗಂಧಕ ಉರಿಸುತ್ತಾರಂತೆ. ಅದು ಹೆಚ್ಚಾಗಿ ಆ ಒಂದು ಪೀಪಾಯಿ ಕೆಟ್ಟಿತ್ತು. ಆರಿಸಲು ಬಂದವರ ಮೂಗು ಎಂಥದ್ದು ಎಂದು ನೋಡಲಿಕ್ಕೇ ಅದನ್ನೂ ಸಾಲಿನಲ್ಲಿ ಇಡುತ್ತಾಳೆ. ಎಷ್ಟೋ ಜನ ಅದನ್ನೇ ಹೊಗಳಿ ಹೋಗಿದ್ದಾರೆ ಎಂದಳು. ನಾನೂ ಆ ಸಾಲಿಗೆ ಸೇರುತ್ತಿದ್ದೆ, ಒಂದೇ ರಾತ್ರಿಯಲ್ಲಿ ತಪ್ಪಿತು.

ಆಲನ್ ಎರಡನೆಯದು ಕೊಡಿ, ಮದುವೆ ಮನೆಯದು ಎಂದ. ಶಾಂತಾ ಬೇಡ ಎಂದು ತಲೆಯಾಡಿಸಿದಳು.

"ಬ್ಯಾಡಗಿ ಕಾಯಿ ತಾನ ಸಿಹಿ ಐತ್ರಿ. ಸಿಹಿಗೆ ಸಿಹಿ ಹಾಕಿದ್ರ ಎರಡೂ ಕಾಣಂಗಿಲ್ಲ. ಕಪಾಟಿನ ವಾಸನಿದು ಹಾಕ್ರಿ. ಅದು ಕಾಯಿನ್ನ ಹಿಡಕೊಂಡ ನಿಂದ್ರತೈತಿ."

ಆಲನ್ ಪುಸ್ತಕ ತೆರೆದು ಬರೆದುಕೊಂಡ. ಒಂದನೆಯ ಪೀಪಾಯಿಯ ಮೇಲೆ ಮೋರಗ್ ಸೀಮೆಸುಣ್ಣದ ಕಡ್ಡಿಯಿಂದ ಗುರುತು ಹಾಕಿದಳು.

ಆಮೇಲೆ ಅವಳು ಅದೇ ಒಂದನೆಯ ಗ್ಲಾಸಿಗೆ ನಾಲ್ಕು ಹನಿ ನೀರು ಬಿಟ್ಟು ನನ್ನ ಮುಂದಿಟ್ಟಳು. ನಿನಗೆ ಏನು ಉಳಿದಿದೆಯೋ ಅದರಿಂದ ಕುಡಿ ಎಂದಳು. ಎತ್ತಿ ಸುರಿಯಬೇಡ ಎಂದು ಕೈಯಿಂದ ತೋರಿಸಿದಳು. ಗ್ಲಾಸು ನನ್ನದೊಂದೇ, ಧೈರ್ಯವಾಗಿ ಬಾಯಿ ಹಚ್ಚಿದೆ. ಮೊದಲು ನಾಲಗೆಯ ತುದಿಗೆ ಸಿಹಿ. ಎಣ್ಣೆಯಂತೆ ದಪ್ಪವಾಗಿ ಬಾಯಿ ತುಂಬ ಹರಡಿತು. ಆಮೇಲೆ ಖಾರ, ನಮ್ಮ ಮೆಣಸಿನಕಾಯಿಯ ಖಾರವಲ್ಲ, ಬಿಸಿಯ ಖಾರ. ಕೊನೆಗೆ ಹೊಸ ಅಡಿಕೆ ಕಡಿದಂತೆ ಗಲ್ಲ ಹಿಡಿಯುವ ಒಗರು, ಮರದ್ದು. ಅದು ಹೋದ ಮೇಲೂ ಎದೆಯಲ್ಲಿ ಬೆಚ್ಚಗೆ ಉಳಿಯಿತು. ಶಾಂತಾ ಪಕ್ಕದಲ್ಲಿ ಅದನ್ನೇ ಮೂಸುತ್ತ, "ಈಗ ಲವಂಗ ಹಿಂದ ಸರದು ಕಿತ್ತಳೆ ಸಿಪ್ಪಿ ಬಂತ್ರಿ" ಎಂದು ಹೇಳುತ್ತಿದ್ದಳು. ಮೂಗು ಅವಳದು, ನಾಲಗೆ ನನ್ನದು, ಹೀಗೆ ಇಬ್ಬರೂ ಸೇರಿ ಒಂದು ವಿಸ್ಕಿ ಮುಗಿಸಿದೆವು. ಕುಡಿದ ಪಾಪ ಮಾತ್ರ ನನ್ನೊಬ್ಬನದೇ ಎಂದು ಅವಳು ಆಗಲೇ ತೀರ್ಮಾನಿಸಿದ್ದಳು.

ಬೀಳ್ಕೊಡುವಾಗ ಆಲನ್ ನನ್ನ ಕೈ ಹಿಡಿದು, ಬರುವ ವರ್ಷದ ಕಾಯಿಯನ್ನು ಯಾರು ಮೂಸುತ್ತಾರೋ ಹೇಳು, ಆಮೇಲೆ ಆರ್ಡರ್ ಹಾಕುತ್ತೇನೆ ಎಂದ. ನಗುತ್ತಲೇ ಹೇಳಿದ, ಆದರೆ ತಮಾಷೆಗೆ ಹೇಳಲಿಲ್ಲ.

ಅಮರಗೋಳ

ಸ್ಕಾಟ್ಲೆಂಡಿನಲ್ಲಿ ಹೇಳಿದ್ದು ದೊಡ್ಡದೇನಲ್ಲ. ಅಲ್ಲಿ ನನ್ನನ್ನು ಬಲ್ಲವರು ಎಷ್ಟು ಜನ, ಇಬ್ಬರು. ಊರಿಗೆ ಬಂದ ಮೇಲೆ ಹೇಳುವುದು ದಿನದಿಂದ ದಿನಕ್ಕೆ ಮುಂದೆ ಹೋಯಿತು. ಮಳೆಗಾಲದಲ್ಲಿ ಮಾಲು ಬರುವುದೂ ಕಡಿಮೆ, ನೆಪ ಸಿಕ್ಕಿತು. ಸಂಕ್ರಾಂತಿಯ ಹೊತ್ತಿಗೆ ಹೊಸ ಕಾಯಿ ಬರತೊಡಗಿದಾಗ ಒಂದು ಬೆಳಿಗ್ಗೆ ಶಾಂತಾ ಪೂಜೆ ಮುಗಿಸಿ, ಇಳಕಲ್ ಸೀರೆ ಉಟ್ಟು, "ನಡೀರಿ" ಎಂದು ಸ್ಕೂಟರಿನ ಹತ್ತಿರ ನಿಂತಳು.

ಅಂಗಡಿಯ ಮುಂದೆ ಕುಂದಗೋಳ ಕಡೆಯ ರೈತನೊಬ್ಬ ಚೀಲ ಬಿಚ್ಚಿ ಕಾಯುತ್ತಿದ್ದ. ಹತ್ತು ವರ್ಷದಿಂದ ನಮ್ಮಲ್ಲಿಗೇ ಬರುವವನು. ಅಕ್ಕಪಕ್ಕದ ಅಂಗಡಿಯವರು ಶಾಂತಾಳನ್ನು ನೋಡಿ ಸಾವಕಾರ್ತಿ ಬಂದಾರ ಎಂದು ಗದ್ದಿಗೆಯಿಂದ ಎದ್ದು ಹೊರಗೆ ಬಂದರು. ನಾನು ಗದ್ದಿಗೆಯ ಮೇಲೆ ಕುಳಿತೆ, ಶಾಂತಾ ಪಕ್ಕದಲ್ಲಿ ನಿಂತಳು. ರೈತ ಎರಡೂ ಕೈಯಲ್ಲಿ ಬೊಗಸೆ ತುಂಬ ಕಾಯಿ ಎತ್ತಿ ನನ್ನ ಮುಖದ ಹತ್ತಿರ ಹಿಡಿದ. "ಮೂಸಿ ನೋಡ್ರಿ ಸಾವಕಾರ್ರ."

ಕೆಂಪು ಕಾಯಿ, ಸುಕ್ಕು ಸುಕ್ಕು, ಹಸಿರು ತೊಟ್ಟು. ಏನೂ ಬರಲಿಲ್ಲ. ಕಣ್ಣು ಮುಚ್ಚಿದ್ದರೆ ಆ ದಿನವೂ ಸಾಗುತ್ತಿತ್ತು.

"ನನಗ ವಾಸನಿ ಬರೂದಿಲ್ಲೋ ತಮ್ಮಾ" ಎಂದೆ. ಸುತ್ತ ನಿಂತವರಿಗೆ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. "ಮೂರು ವರ್ಷ ಆತು. ಅಕಿನ್ನ ಕೇಳು."

ಮಾರುಕಟ್ಟೆ ನಿಲ್ಲಲಿಲ್ಲ. ಹಿಂದೆ ಯಾರೋ "ಏನಂದ್ರು?" ಎಂದರು, ತಕ್ಕಡಿಯ ಸರಪಳಿ ಸದ್ದು ಮಾಡಿತು. ರೈತ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಬೊಗಸೆಯನ್ನು ನನ್ನ ಮುಂದಿನಿಂದ ತೆಗೆದು ಶಾಂತಾಳ ಮುಂದೆ ಹಿಡಿದು, "ಹಂಗಾರ ನೀವ ಹೇಳ್ರಿ ಅಕ್ಕಾರ" ಎಂದ. ಅಪ್ಪ ಕುಳಿತ ಜಾಗದಲ್ಲಿ ಕುಳಿತು ಅದನ್ನು ನೋಡಿದೆ.

ಶಾಂತಾ ಒಂದು ಕಾಯಿ ಎತ್ತಿಕೊಂಡಳು. ಅಲ್ಲಾಡಿಸಿದಳು, ಮುರಿದಳು, ಮೂಗಿನ ಹತ್ತಿರ ತಂದು ಮೂಸಿದಳು. ರೈತ ಬೊಗಸೆ ಹಿಡಿದುಕೊಂಡೇ ಕಾಯುತ್ತಿದ್ದ. ಅವಳು ಮೊದಲು ನನ್ನ ಕಡೆ ಬಾಗಿದಳು.

"ಈ ವರ್ಷದ್ದ ಐತ್ರಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಬಿಸಲಾಗ ಒಣಗೇತಿ. ಹೊಸಾ ಬೆಲ್ಲದ ವಾಸನಿ, ಮ್ಯಾಲೊಂದೀಟು ಹೊಲದ ಮಣ್ಣು. ಬಂತೇನ್ರಿ?"

"ನೀ ಹೇಳಿದ ಮ್ಯಾಲೆ ಬಂತು" ಎಂದೆ.

ಆಮೇಲೆ ಅವಳು ರೈತನ ಕಡೆ ತಿರುಗಿದಳು.